ಉದ್ದವಾದ ಎಡತೋಳು

"ಏನೇ ಸಾಕಿ, ಇದು ಸ್ವೆಟರೋ, ಬಾವಿ ಹಗ್ಗವೋ?" ಲಕ್ಕೇಗೌಡ ಹೆಂಡತಿಯ ಮುಂದೆ ಎರಡೂ ಕೈ ಚಾಚಿ ನಿಂತ. ಬಲತೋಳು ಮಣಿಕಟ್ಟಿಗೆ ಸರಿಯಾಗಿ ಕೂತಿತ್ತು. ಎಡತೋಳು ಬೆರಳುಗಳನ್ನೆಲ್ಲ ನುಂಗಿ ಮೊಣಕಾಲಿನವರೆಗೆ ಜೋತಾಡುತ್ತಿತ್ತು. ಸೊಸೆ ರಶ್ಮಿತಾ ಬಾಗಿಲಿಗೆ ಒರಗಿ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಇನ್ನೇನಾಯ್ತದೆ? ವಾರವೆಲ್ಲ ಇವ್ಳು ಲೈಬ್ರರಿ ಕಾದಂಬರಿ ಓದೋದು, ನೀನು ಬಾಯಿ ಬಿಟ್ಕಂಡು ಕೇಳ್ತಾ ಹೆಣೆಯೋದು. ಈ ಮನೇಲಿ ನನ್ ಕಥೆ ಇನ್ಯಾರಿಗೆ ಬೇಕು?" ತಮಾಷೆಗೆಂದೇ ಶುರು ಮಾಡಿದರೂ ಕೊನೆಗೆ ಅವನ ದನಿ ಕುಗ್ಗಿತು. ಗುರುವಾರ ಕರೆಂಟ್ ಹೋಗಿ ಓದು ನಿಂತಾಗ, ಹಾನುಬಾಳಿನ ಬಸ್ಸಿಗೆ ಸೊಂಡಿಲು ಅಡ್ಡ ಹಾಕಿ ಕಿಟಕಿ ಪಕ್ಕದ ಸೀಟು ಕೇಳಿದ ಆನೆಯ ಕಥೆಯನ್ನು ಅವನು ಹೇಳಿದ್ದ. ಕತ್ತಲಲ್ಲಿ ಹೆಣಿಗೆ ಕಡ್ಡಿಗಳ ಸದ್ದು ಬಿಟ್ಟರೆ ಹೆಂಡತಿಯಿಂದ ಒಂದು 'ಹೂಂ' ಕೂಡ ಬಂದಿರಲಿಲ್ಲ. ಮದುವೆಯಾದಾಗಿನಿಂದ ಅಲ್ಲಿಯವರೆಗೆ ಅವಳು ಹೂಂಗುಟ್ಟದ ಕಥೆಯನ್ನು ಅವನು ಹೇಳಿದ್ದೇ ಇರಲಿಲ್ಲ.

ಸಾಕಮ್ಮ ಬಲತೋಳನ್ನು ಮುಟ್ಟಿದಳು. "ಪುಸ್ತಕ ಕೇಳ್ತಾ ಹಾಕಿದ್ದು ಇದು. ಅಳತೆ ಸರ್ಯಾಗೈತೆ." ಆಮೇಲೆ ಎಡತೋಳಿನ ತುದಿ ಹಿಡಿದು ತಲೆ ತಗ್ಗಿಸಿದಳು. "ಇದು ನಿಮ್ ಆನೆ ಕಥೆ ಕೇಳ್ತಾ ಹಾಕಿದ್ದು. ಹೂಂ ಅನ್ನೋದೂ ಮರ್ತೋಯ್ತು, ಕೈ ನಿಲ್ಸೋದೂ ಮರ್ತೋಯ್ತು. ಕೊಡಿ, ಬಿಚ್ಚಿ ಸರಿ ಮಾಡ್ತೀನಿ."

ಲಕ್ಕೇಗೌಡ ಆ ತೋಳನ್ನು ಎದೆಗೆ ಅವಚಿಕೊಂಡು ಹಿಂದೆ ಸರಿದ. "ಮುಟ್ಬೇಡ ಕಣೇ! ಸಂತೆಗೂ ಹಿಂಗೇ ಹಾಕ್ಕಂಡು ಹೋಯ್ತೀನಿ. ಯಾಕಿಷ್ಟುದ್ದ ಅಂತ ಯಾರಾದ್ರೂ ಕೇಳ್ಲಿ!"