ಹತ್ತೊಂಬತ್ತನೆಯ ಪುಟದ ಸಾವು

ರಾಜಾಜಿನಗರದ ಚರಿತ್ರೆಯನ್ನು ಮುಂದೆ ಯಾರಾದರೂ ಬರೆಯುವುದಾದರೆ, ೧೯೫೬ನೆಯ ಇಸವಿಯಲ್ಲಿ ನಡೆದ ಈ ಸಂಗತಿಯನ್ನು ಬಿಡುವ ಹಾಗಿಲ್ಲ: ‘ಪಡುವಣ ಗವಾಕ್ಷ’ ಮಾಸಪತ್ರಿಕೆಯ ಹತ್ತೊಂಬತ್ತನೆಯ ಪುಟದಲ್ಲಿ ಮೊಸರಿನ ಬೋರಮ್ಮ ತೀರಿಕೊಂಡಳು. ಪತ್ರಿಕೆ ಹೊರಬಿದ್ದ ಹನ್ನೆರಡನೆಯ ದಿನ ಬೆಳಿಗ್ಗೆ ಅದೇ ಬೋರಮ್ಮ, ತಲೆಯ ಮೇಲೆ ತುಂಬಿದ ಮಡಕೆ ಹೊತ್ತು, ಸಂಪಾದಕ ಚಕ್ರಪಾಣಿಯ ಕೋಣೆಯ ಬಾಗಿಲಲ್ಲಿ ನಿಂತಿದ್ದಳು.

“ಸ್ವಾಮಿ, ನಾನು ಸತ್ತೋದೆ ಅಂತ ಬರ್ದಿದೀರಂತೆ?”

ಚಕ್ರಪಾಣಿ ಹಲ್ಲುಜ್ಜುತ್ತಿದ್ದ ಬೆರಳನ್ನು ಬಾಯಿಂದ ತೆಗೆದ. “ಅದು ಕಥೆ, ಬೋರಮ್ಮ.”

“ಕಥೆಯೋ ಪುರಾಣವೋ ನಂಗೊತ್ತಿಲ್ಲ. ಮಗಳ ಬಾಣಂತನಕ್ಕೆ ಕೆಂಗೇರಿಗೆ ಹೋಗಿದ್ದೆ. ಇವತ್ತು ಬಂದ್ರೆ ಮೊದಲ್ನೇ ಮನೆ ಯಶೋದಮ್ಮನೋರು ನನ್ನ ನೋಡಿ ಕೈಲಿದ್ದ ಪಾತ್ರೆ ಬಿಟ್ಟು ಒಳಕ್ಕೆ ಓಡಿದ್ರು. ಹನ್ನೊಂದು ಮನೆ, ಸ್ವಾಮಿ! ಹನ್ನೊಂದು ಮನೇಗೂ ಈಗ ಹನುಮಕ್ಕ ಮೊಸರು ಹಾಕ್ತಾವ್ಳೆ.”

“ಹನುಮಕ್ಕನೂ ನಿಮ್ಮ ಕುರುಬರಹಳ್ಳಿಯವಳೇ ಅಲ್ವಾ? ನೀನು ಕೆಂಗೇರೀಲಿರೋದು ಅವಳಿಗೆ ಗೊತ್ತಿರಲಿಲ್ವಾ?”

“ಗೊತ್ತಿಲ್ದೆ ಏನು? ನನ್ನ ಬಸ್ ಹತ್ಸಿದ್ದೇ ಅವ್ಳು.”

ಯಾವ ಸಂಪಾದಕನ ಹಂಗೂ ಬೇಡವೆಂದು ಚಕ್ರಪಾಣಿ ತಾನೇ ಸಂಪಾದಕನಾಗಿದ್ದ. ಪತ್ರಿಕೆ ಕೈಬರಹದ್ದು, ಇದ್ದದ್ದು ಒಂದೇ ಪ್ರತಿ. ಅದು ಮನೆಗೆ ಒಂದು ದಿನದಂತೆ ಇಪ್ಪತ್ತೆರಡು ಮನೆ ಸುತ್ತಿ ಹಿಂದಿರುಗಬೇಕು. ಮೊದಲ ಹದಿನಾಲ್ಕು ಪುಟ ಬಡಾವಣೆಯ ಸುದ್ದಿ: ನಲ್ಲಿ ಎಷ್ಟು ಗಂಟೆಗೆ ಬರುತ್ತದೆ, ಯಾರ ಮನೆಯಲ್ಲಿ ನಾಮಕರಣ. ಅದರ ಬೆನ್ನಿಗೇ ಕಥೆ. ‘ಕಥೆ’ ಎಂದು ಮೇಲೆ ಬರೆದರೆ ಓದುವವರು ಅದನ್ನು ಕಥೆ ಎಂದುಕೊಂಡುಬಿಡುತ್ತಾರೆಂದು ಅವನು ಹಾಗೆ ಬರೆದಿರಲಿಲ್ಲ. ಹೆಸರನ್ನೂ ಬದಲಿಸಿರಲಿಲ್ಲ. ಬೇರೆ ಯಾವ ಹೆಸರಿಗೂ ಮೊಸರಿನ ವಾಸನೆ ಬರಲಿಲ್ಲವಂತೆ.

ಹನ್ನೊಂದು ಮನೆ ಮುಗಿದಿತ್ತು. ಇನ್ನೂ ಹನ್ನೊಂದು ಮನೆಗಳಲ್ಲಿ ಬೋರಮ್ಮ ಸಾಯುವುದು ಬಾಕಿಯಿತ್ತು. ಅಂಗಿಯ ಗುಂಡಿ ಹಾಕಿಕೊಳ್ಳುತ್ತಲೇ ಚಕ್ರಪಾಣಿ ಬೀದಿಗಿಳಿದ. ಬೋರಮ್ಮ ಹಿಂದೆಯೇ ಬಂದಳು.

“ಎರಡು ಎಮ್ಮೆ ಅವೆ ಸ್ವಾಮಿ. ಓದ್ದೋರು ಅತ್ತವ್ರೆ ಅಂತ ಅವು ಹಾಲು ನಿಲ್ಸಾಕಿಲ್ಲ. ಈ ಮೊಸರ ನಾನು ಎಲ್ಲಿ ಸುರೀಲಿ?”

ಅವನು ಹೆಜ್ಜೆ ಚುರುಕು ಮಾಡಿದ.

ಹನ್ನೆರಡನೆಯ ಮನೆ ದಾವಣಗೆರೆ ಕಡೆಯಿಂದ ವರ್ಗವಾಗಿ ಬಂದ ಅಧಿಕಾರಿಗಳದ್ದು. ಅವರ ಹೆಂಡತಿ ಕಮಲಾಕ್ಷಮ್ಮ ವರಾಂಡದಲ್ಲಿ ಕನ್ನಡಕ ಏರಿಸಿ ಕೂತಿದ್ದರು. ತೊಡೆಯ ಮೇಲೆ ‘ಪಡುವಣ ಗವಾಕ್ಷ’. ಪುಟ ಹದಿನೇಳು.

“ಬರ್ರಿ ಚಕ್ರಪಾಣಿಯವ್ರೆ. ಎಲ್ಲಿ ಹೋಗಿದ್ದಿ ಬೋರಮ್ಮ ಇಷ್ಟು ದಿನ? ನೋಡಿಲ್ಲಿ, ನಿನ್ನದೇ ಬಂದೈತಿ.”

“ಒಂದು ನಿಮಿಷ ಪುಸ್ತಕ ಕೊಡಿ ಅಮ್ಮ. ಸಣ್ಣ ತಿದ್ದುಪಡಿ ಇದೆ.”

“ಇವತ್ತು ನಮ್ಮ ದಿನ ರೀ. ನಾಳೆ ಬೆಳಗಾಗೋತನ ಪುಸ್ತಕ ನಮ್ದು. ಕೆಂಪು ಶಾಯಿಯಾಗ ನಿಯಮ ಬರೆದವ್ರು ನೀವೇ.”

ಬೋರಮ್ಮ ಮಡಕೆ ಇಳಿಸಿ ಮೆಟ್ಟಿಲ ಮೇಲೆ ಕುಳಿತಳು. “ನಾನು ಹೆಂಗ್ ಸತ್ತೆ ಅಂತ ನಂಗೂ ಗೊತ್ತಾಗ್ಲಿ. ಒಸಿ ಜೋರಾಗಿ ಓದ್ರವ್ವಾ.”

ಕಮಲಾಕ್ಷಮ್ಮ ಓದಿದರು. ಹದಿನೆಂಟನೆಯ ಪುಟ ಮಗುಚಿತು. ಚಕ್ರಪಾಣಿ ಗೇಟಿನ ಸರಳನ್ನು ಹಿಡಿದುಕೊಂಡ. ಮುಂದಿನ ಒಂದೊಂದು ವಾಕ್ಯವೂ ಅವನಿಗೆ ಬಾಯಿಪಾಠ, ಒಂದನ್ನೂ ತಡೆಯಲಾರ. ಕುರುಬರಹಳ್ಳಿಯ ದಾರಿಯಲ್ಲಿ ಬೋರಮ್ಮ ಎಡವಿದಳು, ಮಡಕೆ ಒಡೆಯಿತು, “ಹರಿದ ಮೊಸರಿನ ಬಿಳುಪಿನಲ್ಲಿ ಮುಂಜಾವದ ಆಕಾಶ ತನ್ನ ಮುಖ ನೋಡಿಕೊಂಡಿತು.” ಜೀವಂತ ಬೋರಮ್ಮನ ಎದುರಿಗೇ ಕಮಲಾಕ್ಷಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. ಅಷ್ಟು ಭಯದ ನಡುವೆಯೂ ಚಕ್ರಪಾಣಿಗೆ ಒಂದು ಗಳಿಗೆ ಹಿತವಾಯಿತು. ಆಮೇಲೆ ನಾಚಿಕೆಯೂ ಆಯಿತು.

ಬೋರಮ್ಮ ಅಳಲಿಲ್ಲ. ಅವಳ ಮುಖ ಮಾತ್ರ ಸಪ್ಪಗಾಗಿತ್ತು.

“ಮೊಸರು ಹರೀತು ಅಂತ ಬರ್ದಿದೀರಾ, ಸ್ವಾಮಿ?”

“ಹೌದು, ಯಾಕೆ?”

“ನನ್ನ ಮೊಸರು ಹರಿಯಾಕಿಲ್ಲ. ಅದ್ರಾಗೆ ಆಕಾಶಾನೂ ಕಾಣಾಕಿಲ್ಲ. ಆಕಾಶ ಕಾಣೋದು ನೀರು ಬೆರ್ಸಿದ್ರೆ.” ಅವಳು ಮಡಕೆಯ ಬಾಯಿಗೆ ಕಟ್ಟಿದ್ದ ಬಟ್ಟೆಯನ್ನು ಬಿಗಿ ಮಾಡಿದಳು. “ಸತ್ತೆ ಅಂದಿದ್ನ ನಾನೇ ಮನೆ ಮನೆಗೆ ಹೋಗಿ ಮುಖ ತೋರ್ಸಿ ಸುಳ್ಳು ಮಾಡ್ತೀನಿ. ನೀರು ಮೊಸರು ಅಂದಿದ್ನ ಯಾರು ಸುಳ್ಳು ಮಾಡ್ತಾರೆ? ಹನ್ನೊಂದು ಮನೇವ್ರು ಓದವ್ರಲ್ಲಾ!”

ಚಕ್ರಪಾಣಿ ಜೇಬಿನಿಂದ ಪೆನ್ಸಿಲು ತೆಗೆದ. ಪುಸ್ತಕಕ್ಕೆ ಕೈ ಚಾಚಿದ.

“ಆಕಾಶ ತೆಗೀಬ್ಯಾಡ್ರಿ,” ಎಂದರು ಕಮಲಾಕ್ಷಮ್ಮ. “ಅದೇ ಚೆಂದ ಐತಿ.”

ಅವನು ಆಕಾಶವನ್ನು ಹೊಡೆದುಹಾಕಿದ. ‘ಗಟ್ಟಿ ಮೊಸರು ಬಿದ್ದಲ್ಲೇ ಕುಳಿತಿತು’ ಎಂದು ಬರೆದ. ಹದಿನೈದನೆಯ ಪುಟದ ನೆತ್ತಿಯ ಮೇಲೆ ದಪ್ಪಕ್ಷರದಲ್ಲಿ ‘ಕಥೆ’ ಎಂದೂ ಬರೆದ. ನಿಯಮ ಮುರಿದು, ಪುಸ್ತಕವನ್ನು ಸಂಜೆಯವರೆಗೆ ಬೇಡಿ ತೆಗೆದುಕೊಂಡು, ಓದಿ ಮುಗಿಸಿದ ಹನ್ನೊಂದು ಮನೆಗೂ ಹೋದ. ಒಂದೊಂದು ಬಾಗಿಲಲ್ಲೂ ಅವನು ತಿದ್ದಿದ ವಾಕ್ಯ ಓದುವುದು, ಬೋರಮ್ಮ ಮೊಸರು ತುಂಬಿದ ಸೌಟನ್ನು ಓರೆ ಮಾಡಿ ಹಿಡಿದು ಮೊಸರು ಹರಿಯದ್ದನ್ನು ತೋರಿಸುವುದು.

ನಾಲ್ಕು ಮನೆಯವರು ಬೋರಮ್ಮನನ್ನು ವಾಪಸು ಕರೆದರು. ಉಳಿದ ಏಳು ಮನೆಯವರು, ತಿದ್ದುವುದಕ್ಕೆ ಮೊದಲೇ ಕಥೆ ಚೆನ್ನಾಗಿತ್ತು ಎಂದು ಹೇಳಿ, ಹನುಮಕ್ಕನ ಹತ್ತಿರವೇ ಮೊಸರು ಹಾಕಿಸಿಕೊಂಡರು.