ಹೋದ್ರು

ಸುಗಂಧಿ ಕೂತು ಮೊರದಲ್ಲಿದ್ದ ಅಕ್ಕಿಯ ಕಲ್ಲು ಆರಿಸುತ್ತಿದ್ದಳು. ಫೋನು ಬಡಿದುಕೊಂಡಿತು.

"ನ್ಯೂಸ್ ಚಾನೆಲ್ಲಿಂದಮ್ಮಾ. ಹಾಸ್ಯನಟ ಗುರುಮೂರ್ತಪ್ಪನವರಿಗೆ ಹುಷಾರಿರಲಿಲ್ವಂತೆ. ಇದಾರಾ?"

"ಮಾವ ಇಲ್ಲ. ಹೋದ್ರು."

"ಅಯ್ಯೋ! ಯಾವಾಗ?"

"ಈಗ್ತಾನೇ, ಕಾಫಿ ಕುಡಿದು…"

'ಕ್ಷೌರಕ್ಕೆ' ಅನ್ನುವಷ್ಟರಲ್ಲಿ ಫೋನು ಕಟ್ಟಾಯಿತು. ಎರಡೇ ನಿಮಿಷದಲ್ಲಿ ಟಿ.ವಿ. ಅರಚತೊಡಗಿತು: 'ಗುರುಮೂರ್ತಪ್ಪ ಇನ್ನಿಲ್ಲ! ಪ್ರಾಣ ತೆಗೆಯಿತೇ ಕಾಫಿ?'

ಸುಗಂಧಿ ಮೊರ ಬದಿಗೆ ತಳ್ಳಿ ಎದ್ದಳು. ಕಾಫಿ ಮಾಡಿಕೊಟ್ಟವಳು ಅವಳೇ. ಇನ್ನು ಪೊಲೀಸರೂ ಬಂದಾರು! ಬಂದ ನಂಬರಿಗೇ ತಿರುಗಿ ಫೋನು ಮಾಡಿದಳು.

"ಸಾರ್, ಅವರು ಹೋಗಿದ್ದು ಕ್ಷೌರದಂಗಡಿಗೆ!"

"ದುಃಖದಲ್ಲಿ ಹಾಗೇ ಅನ್ಸುತ್ತಮ್ಮ. ಲೈನಲ್ಲೇ ಇರಿ."

ಟಿ.ವಿ.ಯಲ್ಲಿ ಹೊಸ ಸಾಲು ಓಡಿತು: 'ಮಾವನ ಸಾವು ಒಪ್ಪದ ಸೊಸೆ!'

ಅಷ್ಟರಲ್ಲಿ ಗುರುಮೂರ್ತಪ್ಪ ನುಣ್ಣಗೆ ಗಡ್ಡ ಬೋಳಿಸಿಕೊಂಡು ಒಳಗೆ ಬಂದರು.

"ಮಾವ, ಬದುಕಿದೀನಿ ಅಂತ ನೀವೇ ಹೇಳಿಬಿಡಿ" ಎಂದು ಸುಗಂಧಿ ಫೋನು ಚಾಚಿದಳು.

ಹತ್ತು ವರ್ಷದಿಂದ ಯಾರೂ ಪಾತ್ರಕ್ಕೆ ಕರೆಯದ ಗುರುಮೂರ್ತಪ್ಪನವರ ಹಳೆಯ ನಾಟಕವೊಂದು ಟಿ.ವಿ.ಯಲ್ಲಿ ಶ್ರದ್ಧಾಂಜಲಿಯೆಂದು ಬರುತ್ತಿತ್ತು. ಅವರು ಕುರ್ಚಿ ಎಳೆದುಕೊಂಡು ಕೂತು, ಅದರಿಂದ ಕಣ್ಣು ಕೀಳದೆ ಪಿಸುಗುಟ್ಟಿದರು:

"ಈ ಸೀನು ಮುಗಿಯೋ ತನಕ ಹೇಳ್ಬೇಡ ತಾಯಿ."