ಅಜ್ಜಿಯ ಕಾರ್ಡು

ಗ್ರಂಥಪಾಲಕರು ಕಾರ್ಡನ್ನು ಮೇಜಿಗೆ ಬಡಿದ ಸದ್ದಿಗೆ ಏಳೂರಿನ ನಾಯಿಗಳು ಬೊಗಳಿದವು. "ಒಂದೇ ಬೇಸಿಗೇಲಿ ನಲವತ್ತು ಕಾದಂಬರಿ! ಕಣ್ಣು ಕಾಣದ ನೀವು ತಗೊಂಡ್ರಾ ಅಜ್ಜಿ, ಇಲ್ಲಾ ನಿಮ್ಮ ಹೆಸರಲ್ಲಿ ಮೊಮ್ಮಗಳಾ? ಎಲ್ಲಿ, ಒಂದರ ಕಥೆ ಹೇಳಿ!"

ಅಲ್ಲೇ ಕೆಲಸಕ್ಕಿದ್ದ ಮೊಮ್ಮಗಳ ಎದೆ ನಗಾರಿಯಾಯಿತು. ಸಿಬ್ಬಂದಿ ಪುಸ್ತಕ ಮನೆಗೊಯ್ದರೆ ಕೆಲಸಕ್ಕೇ ಸಂಚಕಾರ. ತನ್ನ ಮೆಚ್ಚಿನವನ್ನೆಲ್ಲ ಅಜ್ಜಿಯ ಕಾರ್ಡಿಗೆ ತಂದು, ದಿನಾ ಅವಳ ಮಂಚದ ಪಕ್ಕ ಕೂತು ಗಟ್ಟಿಯಾಗಿ ಓದಿದ್ದೇನೋ ನಿಜ. ಆದರೆ ಮೊದಲ ಸಾಲಿಗೇ ಅಜ್ಜಿಯ ಗೊರಕೆ ಸೂರು ಹಾರಿಸುತ್ತಿತ್ತಲ್ಲ!

ಅಜ್ಜಿ ಗಂಟಲು ಸರಿಮಾಡಿಕೊಂಡಳು. "ದೀಪಸ್ತಂಭದ ಹುಡುಗಿ ನಾವಿಕನ್ನ ಕಾಪಾಡ್ತಾಳಲ್ಲ, ಅದು ಹೇಳ್ಲಾ? ಕೊನೇಲಿ ಅವನು ಮುತ್ತು ಕೊಡೋಕೆ ಬಗ್ಗಿದ್ದೇ ತಡ, ಓದ್ತಿದ್ದ ನನ್ನ ಮೊಮ್ಮಗಳು ನಾಚ್ಕೊಂಡು ಎರಡು ಪುಟ ಹಾರಿಸಿಬಿಟ್ಲು. ಆ ಪುಸ್ತಕ ಇನ್ನೊಂದ್ಸಲ ಕೊಡಪ್ಪಾ, ಪೂರ್ತಿ ಕೇಳ್ಬೇಕು."

ಗ್ರಂಥಪಾಲಕರು ಆ ಪುಸ್ತಕ ತಂದು ಕಾರ್ಡಿಗೆ ಮೊಹರು ಒತ್ತಿದರು.